ಇಂದ್ರಿಯಗಳ ಸಾಕ್ಷ್ಯ ಮತ್ತು ವ್ಯಾಪಾರದಲ್ಲಿ ವ್ರತ

ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ ಎಂಬ ಪಂಚೇಂದ್ರಿಯಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿ, ಮತಿಜ್ಞಾನಕ್ಕೆ ಇವೂ ಮನಸ್ಸೂ ನಿಮಿತ್ತವೆಂದಿದ್ದಾರೆ. ಇಂದ್ರಿಯವು ಜ್ಞಾನದ ಬಾಗಿಲು. ರಾಗದ್ವೇಷಗಳು ಒಳಬರುವುದೂ ಅದೇ ಬಾಗಿಲಿನಿಂದ. ಹೀಗಿರುವಲ್ಲಿ, ಕೊಳ್ಳುವವನ ಇಂದ್ರಿಯಗಳನ್ನು ಒಲಿಸಿ ಮಾರುವ ಶ್ರಾವಕನು ಎಲ್ಲಿಯವರೆಗೆ ನಿರ್ದೋಷಿ, ಎಲ್ಲಿಂದ ದೋಷಿ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿಯ ವ್ಯಾಪಾರವೇ ಇದಕ್ಕೆ ನಿದರ್ಶನ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗುತ್ತದೆ. ಅಲುಗಿಸಿದಾಗ ಅದು ಒಳಗೆ ಉರುಳುವ ಸದ್ದನ್ನು ಕಿವಿ ಗುರುತಿಸುತ್ತದೆ. ಒಡೆದ ಬಳಿಕ ಬಣ್ಣವನ್ನೂ ಬೂಷ್ಟನ್ನೂ ಕಣ್ಣು, ಹಸಿಯನ್ನು ಬೆರಳು, ಕಮಟನ್ನು ಮೂಗು, ಸಿಹಿಯನ್ನು ನಾಲಗೆ ತಿಳಿಸುತ್ತವೆ. ತಿಪಟೂರಿನ ಕೊಬ್ಬರಿಗೆ ಉತ್ತರ ಭಾರತದಲ್ಲಿರುವ ಹೆಸರು ಅನೇಕ ತಲೆಮಾರುಗಳ ಇಂತಹ ಸಾಕ್ಷ್ಯದಿಂದ ಬಂದುದೇ ಹೊರತು ಚೀಲದ ಮೇಲಿನ ಮುದ್ರೆಯಿಂದಲ್ಲ.

ಆದರೆ ಸಾಕ್ಷಿಯನ್ನು ಕೆಡಿಸಲೂ ಬಹುದು. ಕೊಬ್ಬರಿಗೆ ಗಂಧಕದ ಹೊಗೆ ಕೊಟ್ಟು ಬಿಳುಪೇರಿಸುವುದುಂಟು; ಚೀಲದ ಬಾಯಲ್ಲಿ ಒಳ್ಳೆಯದನ್ನಿಟ್ಟು ತಳದಲ್ಲಿ ಹಸಿಯದನ್ನು ತುಂಬುವುದುಂಟು. "ಅವನೇ ನೋಡಿ ಕೊಂಡನು, ನಾನು ಸುಳ್ಳಾಡಲಿಲ್ಲ" ಎಂದು ವರ್ತಕನು ಸಮಾಧಾನ ಹೇಳಿಕೊಳ್ಳಬಹುದು. ಅದು ನಿಲ್ಲದ ವಾದ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ತೂಕ ಅಳತೆಯ ಅನಂತರ ಹೇಳಿರುವುದು ಪ್ರತಿರೂಪಕ ವ್ಯವಹಾರ, ಅಂದರೆ ಕೀಳು ವಸ್ತುವನ್ನು ಮೇಲಾದುದರ ರೂಪದಲ್ಲಿ ಮಾರುವುದು. ನಾಲಗೆ ಸುಳ್ಳಾಡದಿದ್ದರೂ ಬಣ್ಣ ಸುಳ್ಳಾಡಿತು. ಆ ಸುಳ್ಳಿಗೆ ಬಂದ ಬೆಲೆಯೇ ಕೊಡದೆ ತೆಗೆದುಕೊಂಡ ಧನ.

ಹಾಗೆಂದು ಅಂದವೆಲ್ಲ ವಂಚನೆಯಲ್ಲ. 1918ರಿಂದ ತಯಾರಾಗುತ್ತಿರುವ ಮೈಸೂರು ಸ್ಯಾಂಡಲ್ ಸೋಪನ್ನು ಜನರು ಪರಿಮಳದಿಂದಲೇ ಗುರುತಿಸುತ್ತಾರೆ. ಅದರಲ್ಲಿ ಶ್ರೀಗಂಧದ ಎಣ್ಣೆ ಇರುವುದರಿಂದ ಮೂಗಿಗೆ ತಿಳಿದುದು ದಿಟ. ಕೊಬ್ಬರಿಯ ಧೂಳು ಒರೆಸಿ, ದರ್ಜೆಗಳನ್ನು ಬೇರ್ಪಡಿಸಿ ಇಡುವುದೂ ಹಾಗೆಯೇ. ಇರುವ ಗುಣವನ್ನು ತೋರಿಸುವುದು ವ್ಯಾಪಾರ, ಇಲ್ಲದ ಗುಣವನ್ನು ತೋರಿಸುವುದು ಚೌರ್ಯ.

ವ್ರತದ ಪರೀಕ್ಷೆ ಕಷ್ಟಕಾಲದಲ್ಲಿ. ಸಾಲದ ಗಡುವು ಸಮೀಪಿಸಿದೆ, ಇಂದು ದರ ಏರಿದೆ, ಅಟ್ಟದ ಕಾಯಿ ಇನ್ನೂ ಪೂರ್ತಿ ಒಣಗಿಲ್ಲ. ಇಂತಹ ಗೃಹಸ್ಥನಿಗೆ ಬೆರೆಸಿ ಮಾರುವ ದಾರಿ ಸುಲಭವಾಗಿ ಕಾಣುತ್ತದೆ. ಹಸಿಯದನ್ನು ಹಸಿಯದೆಂದೇ ಹೇಳಿ ಮಾರಿದರೆ ನಷ್ಟ ನಿಶ್ಚಿತ. ಆ ನಷ್ಟವೇ ಅವನು ವ್ರತಕ್ಕೆ ತೆರುವ ಬೆಲೆ. ನಷ್ಟವಿಲ್ಲದ ದಿನ ಎಲ್ಲರೂ ವ್ರತಿಗಳೇ.

ಶಬ್ದಾದಿ ವಿಷಯಗಳ ಔತ್ಸುಕ್ಯವನ್ನು ಬಿಟ್ಟು ಐದು ಇಂದ್ರಿಯಗಳೂ ಹಿಂದಿರುಗಿ ನೆಲಸುವುದೇ ಉಪವಾಸವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅಷ್ಟಮಿ ಚತುರ್ದಶಿಗಳಲ್ಲಿ ತನ್ನ ಇಂದ್ರಿಯಗಳನ್ನು ಹಿಂದೆಗೆದುಕೊಂಡವನು ಮರುದಿನ ಮಂಡಿಯಲ್ಲಿ ಪರರ ಇಂದ್ರಿಯಗಳಿಗೆ ಬಲೆ ಬೀಸಿದರೆ, ಹಸಿದಿದ್ದುದು ಹೊಟ್ಟೆ ಮಾತ್ರ. ಪಾರಣೆಯ ಅನ್ನವು ಯಾವ ಹಣದಿಂದ ಬಂದಿತೆಂಬುದನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ವಿಚಾರಿಸಿಕೊಳ್ಳುವುದು ಶ್ರೇಯಸ್ಕರ.