ಪದವಿಯನ್ನು ಬಿಡುವ ಹೊತ್ತು

೨೦೦೦ನೆಯ ಇಸವಿಯ ಅಕ್ಟೋಬರ್ ೭ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮಳೆ ಹಿಡಿದಿತ್ತು. ೧೯೨೩ರಲ್ಲಿ ತೆರೆದ ಆ ಹಳೆಯ ಕ್ರೀಡಾಂಗಣವನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ನಿಶ್ಚಯವಾಗಿದ್ದುದರಿಂದ ಅಂದಿನದೇ ಅಲ್ಲಿಯ ಕೊನೆಯ ಪಂದ್ಯ. ವಿಶ್ವಕಪ್ಪಿನ ಅರ್ಹತೆಗಾಗಿ ಇಂಗ್ಲೆಂಡಿನ ಫುಟ್ಬಾಲ್ ತಂಡವು ಜರ್ಮನಿಯನ್ನು ಎದುರಿಸಿತ್ತು. ಹದಿನಾಲ್ಕನೆಯ ನಿಮಿಷದಲ್ಲಿ ಡೀಟ್ಮಾರ್ ಹಾಮನ್ ಬಲುದೂರದಿಂದ ಒದ್ದ ಚೆಂಡು ನೆಲಕ್ಕೆ ತಾಗಿ ಜಾರಿ ಗೋಲಿನೊಳಗೆ ಹೋಯಿತು. ಉಳಿದ ಹೊತ್ತೆಲ್ಲ ಹೆಣಗಿದರೂ ಇಂಗ್ಲೆಂಡಿಗೆ ಅದನ್ನು ಸರಿಗಟ್ಟಲಾಗಲಿಲ್ಲ. ಪಂದ್ಯ ಮುಗಿದಾಗ ಸ್ವದೇಶದ ಪ್ರೇಕ್ಷಕರೇ ತಂಡದ ಮ್ಯಾನೇಜರ್ ಕೆವಿನ್ ಕೀಗನ್ ಅವರನ್ನು ಹೀಯಾಳಿಸಿ ಕೂಗಿದರು. ಅವರು ಒಳಗೆ ಹೋದವರೇ ಫುಟ್ಬಾಲ್ ಸಂಸ್ಥೆಯ ಮುಖ್ಯಾಧಿಕಾರಿ ಆಡಂ ಕ್ರೋಜಿಯರ್ ಅವರಿಗೆ ತಾವು ಪದವಿಯನ್ನು ಬಿಡುವುದಾಗಿ ತಿಳಿಸಿದರು. ಅವರನ್ನು ತಡೆಯಲು ಪ್ರಯತ್ನ ನಡೆಯಿತು. ಏಕಾಂತದಲ್ಲಿ ಮಾತನಾಡಲು ಬೇರೆ ತಾವು ಸಿಗದೆ ಆ ಸಂಭಾಷಣೆ ಶೌಚಾಲಯದಲ್ಲಿಯೇ ನಡೆದುದು ಈಗ ಎಲ್ಲರಿಗೂ ತಿಳಿದ ಸಂಗತಿ. ಅಂದು ಸಂಜೆಯೊಳಗೆ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಆ ಮಟ್ಟದ ಹೊಣೆಗೆ ತಮ್ಮ ಸಾಮರ್ಥ್ಯ ತುಸು ಸಾಲದೆಂದು ಕೀಗನ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ನಾಲ್ಕೇ ದಿನಗಳಲ್ಲಿ, ೧೧ನೆಯ ತಾರೀಖು, ಅದೇ ತಂಡವು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಮುಂದಿನ ಅರ್ಹತಾ ಪಂದ್ಯವನ್ನು ಆಡಬೇಕಾಗಿತ್ತು.

ಆಟದ ಸುದ್ದಿಗೂ ಧರ್ಮಾಧರ್ಮ ವಿವೇಚನೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗೆದ್ದ ಪಕ್ಷ, ಸೋತ ಪಕ್ಷ ಯಾವುದೆಂಬುದು ಇಲ್ಲಿ ಗೌಣ. ಒಬ್ಬ ಮನುಷ್ಯ ತನ್ನ ಅಶಕ್ತಿಯನ್ನು ತಾನೇ ಒಪ್ಪಿ ಪೀಠದಿಂದ ಇಳಿದದ್ದು ಸತ್ಯನಿಷ್ಠೆಯೋ, ಅಥವಾ ಹೊಣೆಯನ್ನು ನಡುದಾರಿಯಲ್ಲಿ ಇಳಿಸಿದ ಪಲಾಯನವೋ ಎಂಬುದೇ ಪ್ರಶ್ನೆ. ಅಂಗಡಿಯ ಪಾಲುದಾರ, ಬಸದಿಯ ಧರ್ಮದರ್ಶಿ, ಶಾಲೆಯ ಕಾರ್ಯದರ್ಶಿ, ಮನೆಯ ಯಜಮಾನ, ಇವರಲ್ಲಿ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಮೊದಲು ಆ ಪದವಿಯ ಸ್ವರೂಪವನ್ನು ತಿಳಿಯಬೇಕು. ಇಂಗ್ಲೆಂಡಿನ ಫುಟ್ಬಾಲಿನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವ ವ್ಯವಸ್ಥಾಪಕನಲ್ಲ. ಆಟಗಾರರನ್ನು ಆರಿಸುವವನು, ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವವನು, ಆಟದ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಕಳುಹಿಸುವವನು ಆತ. ಚೆಂಡನ್ನು ಮಾತ್ರ ಅವನು ಮುಟ್ಟುವುದಿಲ್ಲ. ಹಾಗಿದ್ದರೂ ಸೋಲಿನ ಭಾರ ಅವನ ತಲೆಯ ಮೇಲೆ. ಇದು ಅನ್ಯಾಯವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯನ್ನು ವ್ರತಗಳ ಪಾಠದಲ್ಲಿ ಬಾಲ್ಯದಿಂದ ಕೇಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ತಾನು ಮಾಡಿದ್ದಕ್ಕೆ ಮಾತ್ರವಲ್ಲದೆ ಮಾಡಿಸಿದ್ದಕ್ಕೂ ಒಪ್ಪಿದ್ದಕ್ಕೂ ಮನುಷ್ಯ ಬಾಧ್ಯನು. ಮ್ಯಾನೇಜರನ ಹೊಣೆಯೆಲ್ಲ ಕಾರಿತದ ಹೊಣೆ. ಅಂದಿನ ಪಂದ್ಯದಲ್ಲಿ ರಕ್ಷಣಾ ಸಾಲಿನ ಆಟಗಾರ ಗ್ಯಾರೆತ್ ಸೌತ್‌ಗೇಟ್ ಅವರನ್ನು ಕೀಗನ್ ನಡುಸಾಲಿನಲ್ಲಿ ನಿಲ್ಲಿಸಿದ್ದರು. ಆ ನಿರ್ಧಾರಕ್ಕೆ ಬಹಳ ಟೀಕೆ ಬಂದಿತು. ಆಡಿದವನು ಸೌತ್‌ಗೇಟ್ ಆದರೂ ನಿಲ್ಲಿಸಿದವರು ಕೀಗನ್.

ಕೀಗನ್ ಸಾಮಾನ್ಯ ಆಟಗಾರರಾಗಿರಲಿಲ್ಲ. ಲಿವರ್‌ಪೂಲಿನಲ್ಲಿ ೧೯೭೧ರಿಂದ ೧೯೭೭ರವರೆಗೆ ಆಡಿ, ಅಲ್ಲಿಂದ ಜರ್ಮನಿಯ ಹ್ಯಾಂಬರ್ಗಿಗೆ ಹೋಗಿ, ೧೯೭೮ ಮತ್ತು ೧೯೭೯ರಲ್ಲಿ ಎರಡು ಬಾರಿ ಯುರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದವರು. ೧೯೯೨ರಲ್ಲಿ ನ್ಯೂಕ್ಯಾಸಲ್ ತಂಡವನ್ನು ವಹಿಸಿಕೊಂಡಾಗ ಅದು ಎರಡನೆಯ ದರ್ಜೆಯಿಂದಲೂ ಕೆಳಗೆ ಬೀಳುವ ಸ್ಥಿತಿಯಲ್ಲಿತ್ತು. ಮರುವರ್ಷವೇ ಅದನ್ನು ಮೇಲಿನ ದರ್ಜೆಗೆ ಏರಿಸಿದರು. ೧೯೯೬ರ ಜನವರಿಯಲ್ಲಿ ೧೨ ಅಂಕಗಳ ಮುನ್ನಡೆಯಿದ್ದೂ ವರ್ಷದ ಕೊನೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ೪ ಅಂಕ ಹಿಂದುಳಿದದ್ದು ಅವರ ಜೀವನದ ದೊಡ್ಡ ನೋವು. ೧೯೯೭ರ ಜನವರಿಯಲ್ಲಿ, ಋತುವಿನ ನಡುವಿನಲ್ಲಿಯೇ, ನ್ಯೂಕ್ಯಾಸಲನ್ನು ಬಿಟ್ಟರು. ಹಾಗಾಗಿ ೨೦೦೦ದ ನಿರ್ಗಮನ ಮೊದಲನೆಯದಲ್ಲ. ಅವರ ಮೇಲೆ ತಪ್ಪು ಹೊರಿಸಿದವರೆಲ್ಲ ಈ ಮಾತನ್ನು ಎತ್ತಿ ಆಡಿದರು.

ಅವರಿಗೆ ರಾಷ್ಟ್ರತಂಡದ ಪದವಿ ಬಂದ ಬಗೆಯೂ ನಮ್ಮ ಓದುಗರು ಗಮನಿಸತಕ್ಕದ್ದೇ. ಅವರ ಹಿಂದಿನವರಾದ ಗ್ಲೆನ್ ಹಾಡಲ್ ಸೋತು ಹೋದವರಲ್ಲ, ಒಂದು ಮಾತಿಗಾಗಿ ಹೋದವರು. ೧೯೯೯ರ ಜನವರಿ ಕೊನೆಯಲ್ಲಿ ‘ದಿ ಟೈಮ್ಸ್’ ಪತ್ರಿಕೆಯ ಸಂದರ್ಶನವೊಂದರಲ್ಲಿ, ಅಂಗವಿಕಲರು ಪೂರ್ವಜನ್ಮದ ಕರ್ಮದ ಫಲವನ್ನು ಉಣ್ಣುತ್ತಿದ್ದಾರೆಂಬ ಅರ್ಥ ಬರುವ ಮಾತು ಅವರ ಹೆಸರಿನಲ್ಲಿ ಪ್ರಕಟವಾಯಿತು. ತಮ್ಮ ಅಭಿಪ್ರಾಯವನ್ನು ತಪ್ಪಾಗಿ ತಿಳಿಯಲಾಗಿದೆಯೆಂದು ಅವರು ಹೇಳಿದರೂ ಕೋಲಾಹಲ ಅಡಗಲಿಲ್ಲ. ಫೆಬ್ರವರಿ ೨ರಂದು ಪದವಿ ಹೋಯಿತು. ಕರ್ಮಸಿದ್ಧಾಂತಕ್ಕಾಗಿ ಒಬ್ಬರು ದಂಡ ತೆತ್ತರೆಂದು ಇದನ್ನು ಓದಿ ನಮ್ಮವರು ಮರುಗಬೇಕಾಗಿಲ್ಲ. ಕರ್ಮವಿಚಾರವು ಮನುಷ್ಯ ತನ್ನನ್ನು ತಾನು ನೋಡಿಕೊಳ್ಳಲು ಹಿಡಿದ ಕನ್ನಡಿ. ಅದನ್ನು ಪರರ ಕುಂಟು ಕುರುಡಿನತ್ತ ತಿರುಗಿಸಿ ತೀರ್ಪು ಹೇಳಲು ಯಾವ ಆಚಾರ್ಯರೂ ಅಪ್ಪಣೆ ಕೊಟ್ಟಿಲ್ಲ. ಕ್ಲೇಶದಲ್ಲಿರುವವರ ವಿಷಯದಲ್ಲಿ ನಮಗೆ ವಿಧಿಸಿರುವುದು ಕಾರುಣ್ಯಭಾವನೆಯೊಂದೇ. ನಮ್ಮ ಮನೆಗಳಲ್ಲಿಯೂ ಇಂಥ ಮಾತು ಹಗುರವಾಗಿ ಬರುವುದುಂಟು. ಅದನ್ನಾಡಿದವರಿಗೆ ಯಾವ ಪದವಿಯೂ ಹೋಗುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಹೀಗೆ ತೆರವಾದ ಸ್ಥಾನಕ್ಕೆ ಕೀಗನ್ ಮೊದಲು ತಾತ್ಕಾಲಿಕವಾಗಿ, ಆಮೇಲೆ ಕಾಯಮ್ಮಾಗಿ ಬಂದರು. ೧೮ ಪಂದ್ಯಗಳಲ್ಲಿ ೭ ಗೆಲುವು, ೭ ಸಮ, ೪ ಸೋಲು. ಅಂಕಿಯನ್ನಷ್ಟೇ ನೋಡಿದರೆ ದಿವಾಳಿಯೆಂದು ಹೇಳಲು ಬಾರದು. ಆದರೆ ಸೋಲುಗಳು ಬಿದ್ದ ಜಾಗ ಕೆಟ್ಟದಾಗಿತ್ತು. ೨೦೦೦ದ ಜೂನಿನಲ್ಲಿ ಯುರೋಪಿನ ಚಾಂಪಿಯನ್‌ಷಿಪ್ಪಿನಲ್ಲಿ ಪೋರ್ಚುಗಲ್ ವಿರುದ್ಧ ೨-೦ ಮುಂದಿದ್ದು ೩-೨ರಿಂದ ಸೋತರು. ಜರ್ಮನಿಯನ್ನು ೧-೦ರಿಂದ ಗೆದ್ದರು. ರೊಮೇನಿಯದ ವಿರುದ್ಧ ಸಮ ಮಾಡಿಕೊಂಡರೂ ಮುಂದಿನ ಸುತ್ತಿಗೆ ಹೋಗಬಹುದಾಗಿದ್ದಾಗ, ಆಟ ಮುಗಿಯಲು ಒಂದೆರಡು ನಿಮಿಷವಿರುವಾಗ ಪೆನಾಲ್ಟಿ ಕೊಟ್ಟು ಮತ್ತೆ ೩-೨ರಿಂದ ಸೋತು ಮನೆಗೆ ಬಂದರು.

ಇಲ್ಲಿಯೇ ವಿಷಯದ ಗಂಟು ಇರುವುದು. ತನ್ನ ಶಕ್ತಿ ಸಾಲದೆಂಬುದು ಕೀಗನ್ ಅವರಿಗೆ ಅಕ್ಟೋಬರ್ ೭ರ ಸಂಜೆಯೇ ಹೊಳೆಯಿತೆ? ಜೂನ್ ತಿಂಗಳಲ್ಲಿಯೇ ಹೊಳೆದಿದ್ದರೆ ಅಂದೇ ಬಿಡಬೇಕಾಗಿತ್ತು. ಹೊಸಬನಿಗೆ ತಂಡವನ್ನು ಕಟ್ಟಿಕೊಳ್ಳಲು ಬೇಸಗೆಯೆಲ್ಲ ಸಿಗುತ್ತಿತ್ತು. ಅಕ್ಟೋಬರಿನಲ್ಲಿಯೇ ಹೊಳೆದದ್ದಾದರೆ, ನಾಲ್ಕು ದಿನ ತಡೆದು ಹೆಲ್ಸಿಂಕಿಯ ಪಂದ್ಯವನ್ನು ಮುಗಿಸಿ, ಅನಂತರ ಬಿಡಬಹುದಾಗಿತ್ತು. ದೀಪಾವಳಿಗೆ ವಾರವಿರುವಾಗ, ಹುಂಡಿಗಳ ವಾಯಿದೆ ಬಂದು ನಿಂತಿರುವಾಗ, ಪಾಲುದಾರನೊಬ್ಬ ತನಗೆ ವ್ಯಾಪಾರ ತಿಳಿಯದೆಂದು ಕೈಮುಗಿದು ಎದ್ದುಹೋದರೆ, ಆತನ ಮಾತು ನಿಜವಾಗಿದ್ದರೂ ಉಳಿದವರಿಗೆ ಅದರಿಂದ ಸಮಾಧಾನವಿಲ್ಲ. ಪಾಲು ಬಿಟ್ಟವನು ಬಿಡುವ ದಿನದವರೆಗಿನ ಸಾಲದಿಂದ ಮುಕ್ತನಾಗುವುದಿಲ್ಲವೆಂಬುದು ವ್ಯಾಪಾರದ ಹಳೆಯ ನಿಯಮ. ನಮ್ಮ ಟ್ರಸ್ಟುಗಳಲ್ಲಿಯೂ ವರ್ಷದ ಲೆಕ್ಕ ಒಪ್ಪಿಸುವ ಮುನ್ನಾದಿನ ಖಜಾಂಚಿ ಕೊಡುವ ರಾಜೀನಾಮೆಯನ್ನು ವೈರಾಗ್ಯವೆಂದು ಯಾರೂ ತಿಳಿಯುವುದಿಲ್ಲ. ಲೆಕ್ಕ ಒಪ್ಪಿಸಲಿ, ಆಮೇಲೆ ಹೋಗಲಿ ಎನ್ನುತ್ತಾರೆ. ಅದು ಸರಿಯೂ ಹೌದು.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ. ಖಜಾಂಚಿಯ ಲೆಕ್ಕ ಕಾಗದದ ಮೇಲಿರುತ್ತದೆ. ಬರೆದವನ ಮನಸ್ಸು ಕುಸಿದಿದ್ದರೂ ಅಂಕಿ ಅಂಕಿಯೇ. ಇಪ್ಪತ್ತು ಜನ ಯುವಕರಿಗೆ ಧೈರ್ಯ ತುಂಬಬೇಕಾದವನ ಒಳಗೆ ಧೈರ್ಯವೇ ಬತ್ತಿದ್ದರೆ ಅವನು ನಾಲ್ಕು ದಿನ ಕುಳಿತು ಮಾಡುವುದೇನು? ಆಟಗಾರರ ಮುಂದೆ ಇಲ್ಲದ ಭರವಸೆಯನ್ನು ನಟಿಸಬೇಕಾಗುತ್ತದೆ. ಕೀಗನ್ ತಂಡ ನಡೆಸಿದ್ದೇ ಉತ್ಸಾಹದಿಂದ. ಲೆಕ್ಕಾಚಾರದ ಚತುರತೆ ಅವರ ಬಲವಾಗಿರಲಿಲ್ಲವೆಂದು ಅವರ ಮೆಚ್ಚುಗೆಯವರೂ ಒಪ್ಪುತ್ತಾರೆ. ಅಂಥವರಲ್ಲಿ ಉತ್ಸಾಹ ಆರಿದ ಮೇಲೆ ಉಳಿಯುವುದು ಬರಿಯ ಸಂಬಳ. ಹೆಲ್ಸಿಂಕಿಗೆ ಹೋವರ್ಡ್ ವಿಲ್ಕಿನ್ಸನ್ ಅವರು ತಾತ್ಕಾಲಿಕವಾಗಿ ತಂಡವನ್ನು ಕರೆದೊಯ್ದರು. ಯಾರಿಗೂ ಗೋಲಿಲ್ಲದೆ ಪಂದ್ಯ ಸಮವಾಯಿತು. ಕೀಗನ್ ಇದ್ದಿದ್ದರೆ ಏನಾಗುತ್ತಿತ್ತೆಂಬುದು ಊಹೆಯ ಮಾತು.

ಅನಂತರ ಸ್ವೀಡನ್ನಿನ ಸ್ವೆನ್ ಯೋರಾನ್ ಎರಿಕ್ಸನ್ ಬಂದರು. ೨೦೦೧ರ ಸೆಪ್ಟೆಂಬರ್ ೧ರಂದು ಅದೇ ಜರ್ಮನಿಯನ್ನು ಮ್ಯೂನಿಕ್ ನಗರದಲ್ಲಿ ೫-೧ರಿಂದ ಸೋಲಿಸಿದ ತಂಡವು ಮುಂದೆ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ನೋಡಿ, ಬಿಟ್ಟದ್ದೇ ಒಳ್ಳೆಯದಾಯಿತೆಂದು ಹಲವರು ತೀರ್ಮಾನಿಸಿದರು. ಈ ತರ್ಕವನ್ನು ಒಪ್ಪಲಾಗದು. ಫಲ ಚೆನ್ನಾಗಿ ಬಂದಿತೆಂದು ಕೃತ್ಯ ಶುದ್ಧವಾಗುವುದಿಲ್ಲ. ಮ್ಯೂನಿಕ್‌ನಲ್ಲಿ ಸೋತಿದ್ದರೆ ಕೀಗನ್ ಅವರ ನಡತೆ ಹೆಚ್ಚು ಅಶುದ್ಧವಾಗುತ್ತಿರಲೂ ಇಲ್ಲ. ನೋಡಬೇಕಾದದ್ದು ಬಿಡುವಾಗ ಮನಸ್ಸಿನಲ್ಲಿ ಏನಿತ್ತೆಂಬುದನ್ನು. ಅದು ಹೊರಗಿನವರಿಗೆ ಪೂರ್ತಿ ಕಾಣುವುದಿಲ್ಲ. ಆದರೂ ಕೆಲವು ಗುರುತುಗಳುಂಟು.

ಒಂದನೆಯದು ಹಣ. ಫುಟ್ಬಾಲಿನಲ್ಲಿ ಮ್ಯಾನೇಜರನನ್ನು ತೆಗೆದುಹಾಕಿದರೆ ಕರಾರಿನ ಉಳಿದ ಅವಧಿಗೆ ಪರಿಹಾರ ಕೊಡಬೇಕಾಗುವುದು ಸಾಮಾನ್ಯ. ತಾನೇ ಬಿಟ್ಟವನಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಆದುದರಿಂದ ಕೆಲಸದಲ್ಲಿ ನಂಬಿಕೆ ಹೋದ ಮೇಲೂ ಹೊರದೂಡುವ ದಿನಕ್ಕಾಗಿ ಕಾದು ಕುಳಿತಿರುವುದು ಅಲ್ಲಿ ಲಾಭದ ದಾರಿ. ಲೋಭಕ್ಕೆ ಇಷ್ಟು ಮೆತ್ತನೆಯ ಹಾಸಿಗೆ ಹಾಸಿರುವ ವೃತ್ತಿಯಲ್ಲಿ ಎದ್ದುಹೋಗುವವನನ್ನು ಹೇಡಿಯೆಂದು ಕರೆಯುವ ಮುನ್ನ ಯೋಚಿಸಬೇಕು.

ಎರಡನೆಯದು ಮಾತು. ಸೋತು ಇಳಿಯುವವರು ಸಾಮಾನ್ಯವಾಗಿ ಆಟಗಾರರ ಗಾಯ, ತೀರ್ಪುಗಾರನ ತಪ್ಪು, ಮಳೆ, ಪತ್ರಿಕೆಗಳು ಎಂದು ಪಟ್ಟಿ ಓದುತ್ತಾರೆ. ಅಂದು ಮಳೆಯಿತ್ತು, ಚೆಂಡು ಜಾರಿತ್ತು, ಓದಲು ಪಟ್ಟಿ ಸಿದ್ಧವಾಗಿಯೇ ಇತ್ತು. ಕೀಗನ್ ಹಾಗೆ ಮಾಡಲಿಲ್ಲ. ಗುರುಗಳ ಮುಂದೆ ಮಾಡುವ ಆಲೋಚನೆಯಲ್ಲಿ ದೋಷವನ್ನು ಅದರ ಗಾತ್ರಕ್ಕಿಂತ ಚಿಕ್ಕದಾಗಿ ಹೇಳುವುದು ಹೇಗೆ ತಪ್ಪೋ, ಅನುಕಂಪ ಗಿಟ್ಟಿಸಲು ಹೇಳುವುದೂ ಹಾಗೆಯೇ ತಪ್ಪೆಂದು ಹಿರಿಯರು ಎಣಿಸಿದ್ದಾರೆ. ಸಾಮರ್ಥ್ಯ ತುಸು ಸಾಲದೆಂಬ ಮಾತಿನಲ್ಲಿ ಈ ಎರಡೂ ಇಲ್ಲ. ಅದರ ತೂಕ ಸರಿಯಾಗಿದೆ. ಮಾನಕಷಾಯ ಎಷ್ಟು ಬಿಗಿಯೆಂಬುದನ್ನು ಬಲ್ಲವರಿಗೆ, ಎರಡು ಬಾರಿ ಯುರೋಪಿನ ಶ್ರೇಷ್ಠನೆನಿಸಿದವನ ಬಾಯಿಂದ ಅದು ಬಂದದ್ದು ಸಣ್ಣ ಸಂಗತಿಯೆನಿಸದು. ನೊಂದ ಮಾನವೂ ಮನುಷ್ಯನನ್ನು ಹೀಗೆಯೇ ಎಬ್ಬಿಸಿ ಹೊರಗೆ ಕಳುಹಿಸಬಲ್ಲದು ಎಂಬ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ. ಪ್ರೇಕ್ಷಕರು ಅಂದು ಕೂಗದೆ ಇದ್ದಿದ್ದರೆ ಅವರು ಉಳಿಯುತ್ತಿದ್ದರೋ ಏನೋ.

ಆ ಕೂಗಿನ ವಿಷಯವನ್ನೂ ಹೇಳಬೇಕು. ಇಂಗ್ಲೆಂಡಿನ ಮ್ಯಾನೇಜರನಾಗಿದ್ದ ಗ್ರಹಾಂ ಟೇಲರ್ ಅವರ ಮುಖವನ್ನು ೧೯೯೨ರಲ್ಲಿ ಅಲ್ಲಿಯ ಒಂದು ಪತ್ರಿಕೆ ಗೆಡ್ಡೆಯಂತೆ ಚಿತ್ರಿಸಿ ನಗೆಪಾಟಲು ಮಾಡಿತು. ಮರುವರ್ಷ ತಂಡ ವಿಶ್ವಕಪ್ಪಿಗೆ ಹೋಗದೆ ಟೇಲರ್ ರಾಜೀನಾಮೆ ಕೊಟ್ಟ ಮೇಲೂ ಆ ಚಿತ್ರ ಅವರನ್ನು ಬಿಡಲಿಲ್ಲ. ಬರೆದವನದು ಕೃತ, ಬರೆಸಿದವನದು ಕಾರಿತ, ಕಾಸು ಕೊಟ್ಟು ಕೊಂಡು ನಕ್ಕವರದು ಅನುಮತ. ಸೋಲಿನ ಲೆಕ್ಕವನ್ನು ಮ್ಯಾನೇಜರನ ಖಾತೆಗೆ ಬರೆಯುವ ಜನ ಈ ಬಾಬನ್ನು ಯಾವ ಖಾತೆಗೂ ಬರೆಯುವುದಿಲ್ಲ.

ಕೀಗನ್ ಅವರ ಇನ್ನೊಂದು ರಾಜೀನಾಮೆಯನ್ನು ಇದರ ಪಕ್ಕದಲ್ಲಿಟ್ಟರೆ ಭೇದ ಸ್ಪಷ್ಟವಾಗುತ್ತದೆ. ೨೦೦೮ರ ಜನವರಿಯಲ್ಲಿ ಅವರು ನ್ಯೂಕ್ಯಾಸಲ್ಲಿಗೆ ಮರಳಿ ಬಂದು ಸೆಪ್ಟೆಂಬರಿನಲ್ಲಿ ಬಿಟ್ಟರು. ಮತ್ತೆ ಓಡಿದನೆಂದು ಜನ ಆಡಿಕೊಂಡರು. ಆದರೆ ಅವರ ಇಷ್ಟಕ್ಕೆ ವಿರುದ್ಧವಾಗಿ ಆಟಗಾರನೊಬ್ಬನನ್ನು ಕ್ಲಬ್ಬು ತಂದು ಸೇರಿಸಿದ್ದು ಕರಾರಿನ ಭಂಗವೆಂದು ೨೦೦೯ರಲ್ಲಿ ನ್ಯಾಯಮಂಡಳಿಯು ಅವರ ಪರವಾಗಿ ತೀರ್ಪಿತ್ತಿತು. ಅಲ್ಲಿ ಹೆಸರು ಅವರದು, ಅಧಿಕಾರ ಬೇರೆಯವರದು. ಮಾಡಿಸುವ ಶಕ್ತಿಯಿಲ್ಲದವನಿಗೆ ಕಾರಿತದ ಹೊಣೆ ಅಂಟುವುದಿಲ್ಲ. ಅಂಥ ಕುರ್ಚಿಯಲ್ಲಿ ಕುಳಿತಿರುವುದೇ ಒಂದು ಬಗೆಯ ಅಸತ್ಯ. ಕೇವಲ ಸಹಿಗಾಗಿ ಧರ್ಮದರ್ಶಿಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳು ಈ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು. ೨೦೦೦ದಲ್ಲಿ ಹಾಗಿರಲಿಲ್ಲ. ಅಧಿಕಾರವೆಲ್ಲ ಅವರ ಕೈಯಲ್ಲಿಯೇ ಇತ್ತು, ಆದುದರಿಂದ ನಾಲ್ಕು ದಿನದ ಸಾಲವೂ ಅವರದೇ. ಅವರ ಸತ್ಯವನ್ನು ಗೌರವಿಸುತ್ತಲೇ ಆ ಸಾಲವನ್ನು ಅವರ ಹೆಸರಿನಲ್ಲಿ ಬರೆದಿಡಬೇಕಾಗುತ್ತದೆ.

ಅಂದು ನಡುಸಾಲಿನಲ್ಲಿ ನಿಂತು ಟೀಕೆಯ ವಸ್ತುವಾಗಿದ್ದ ಗ್ಯಾರೆತ್ ಸೌತ್‌ಗೇಟ್ ಮುಂದೆ ೨೦೧೬ರಲ್ಲಿ ಅದೇ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆದರು. ೧೦೨ ಪಂದ್ಯಗಳನ್ನು ನಡೆಸಿದರು. ಯುರೋಪಿನ ಚಾಂಪಿಯನ್‌ಷಿಪ್ಪಿನ ಎರಡು ಅಂತಿಮ ಪಂದ್ಯಗಳಿಗೆ ತಂಡವನ್ನು ಒಯ್ದು ಎರಡರಲ್ಲಿಯೂ ಸೋತರು. ಎರಡನೆಯ ಸೋಲು ೨೦೨೪ರ ಜುಲೈ ೧೪ರಂದು, ಸ್ಪೇನ್ ವಿರುದ್ಧ. ಎರಡು ದಿನ ಕಳೆದು, ೧೬ರಂದು, ರಾಜೀನಾಮೆ ಕೊಟ್ಟರು. ತಂಡದ ಮುಂದಿನ ಪಂದ್ಯ ಇದ್ದದ್ದು ಸೆಪ್ಟೆಂಬರಿನಲ್ಲಿ.

ಕೀಗನ್ ಅವರೋ ೨೦೦೧ರ ಮೇ ತಿಂಗಳಲ್ಲಿ, ಆಗತಾನೆ ಮೇಲಿನ ದರ್ಜೆಯಿಂದ ಕೆಳಗಿಳಿದಿದ್ದ ಮ್ಯಾಂಚೆಸ್ಟರ್ ಸಿಟಿ ತಂಡವನ್ನು ವಹಿಸಿಕೊಂಡರು. ಮರುವರ್ಷ ಆ ತಂಡ ತನ್ನ ದರ್ಜೆಯಲ್ಲಿ ಮೊದಲನೆಯದಾಗಿ ಮತ್ತೆ ಮೇಲೇರಿತು.