ಕಳೆದುಹೋದ ಮಗು ಸಿಕ್ಕಿದ್ದೆಲ್ಲಿ?



ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಊರಿಗೆ ಹೊರಟ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಒಂದು ದಿನದ ದಾರಿ ನಡೆದ ಮೇಲೆ ಮಗ ಜೊತೆಯಲ್ಲಿಲ್ಲವೆಂದು ತಿಳಿಯಿತು. ಬಂಧುಗಳ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ನಂಬಿದ್ದರು. ಗಾಬರಿಯಿಂದ ಹಿಂದಿರುಗಿ ಹುಡುಕಿದರು. ಮೂರನೆಯ ದಿನ ಸಿಕ್ಕಿದ. ಎಲ್ಲಿ? ದೇವಾಲಯದಲ್ಲಿ, ಬೋಧಕರ ನಡುವೆ ಕುಳಿತು, ಅವರ ಮಾತು ಕೇಳುತ್ತ, ಅವರನ್ನು ಪ್ರಶ್ನಿಸುತ್ತ. ಸಂತ ಲೂಕನು ಬಾಲಕನ ವಯಸ್ಸನ್ನೂ ಮರೆಯದೆ ಬರೆದಿದ್ದಾನೆ: ಹನ್ನೆರಡು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಡ ಮನೆಗಳಿಂದ ಹನ್ನೆರಡರ ಮಗುವೊಂದು ಕಾಣೆಯಾದರೆ ನಾವು ಎಲ್ಲಿ ಹುಡುಕಬೇಕು? ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನ ಮೇಲೆ ಮಗುವಿರುವುದಿಲ್ಲ. ಕಪ್ಪತಗುಡ್ಡದ ಸೆರಗಿನಲ್ಲಿ ಕುರಿಯ ಹಿಂದೆ ಇದ್ದೀತು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದೀತು. ಗುಳೆ ಹೋದ ತಂದೆತಾಯಿಯ ಜೊತೆ ಗೋವೆಯ ಕಟ್ಟಡದ ಮರಳಿನ ಮೇಲೆ ತಮ್ಮನನ್ನು ಎತ್ತಿಕೊಂಡು ಕುಳಿತಿದ್ದೀತು.

ಇಲ್ಲವೇ ಹತ್ತಿಯ ಹೊಲದಲ್ಲಿ ಸಿಕ್ಕೀತು. 1972ರಲ್ಲಿ ಧಾರವಾಡದ ಸಂಶೋಧಕರು ಕೊಟ್ಟ ‘ವರಲಕ್ಷ್ಮಿ’ ಸಂಕರ ಹತ್ತಿ ರೈತರ ಕೈಗೆ ಹಣ ತಂದಿತು. ಆದರೆ ಸಂಕರ ಬೀಜ ತಾನಾಗಿ ಕಟ್ಟುವುದಿಲ್ಲ. ಇಂದು ಮೊಗ್ಗಿನ ಕೇಸರ ಕಿತ್ತು, ನಾಳೆ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಹೂವಿಗೊಮ್ಮೆ, ದಿನದಿನವೂ, ವಾರಗಟ್ಟಲೆ. ಈ ‘ಕ್ರಾಸಿಂಗ್’ ಕೆಲಸಕ್ಕೆ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ಕರೆಯುತ್ತ ಬಂದರು. ಅವರ ಬೆರಳು ಸಣ್ಣ, ಕೂಲಿ ಇನ್ನೂ ಸಣ್ಣ. ತಂದೆ ಪಡೆದ ಮುಂಗಡಕ್ಕೆ ಮಗಳ ಬಾಲ್ಯವೇ ಒತ್ತೆ.

2011ರ ಜನಗಣತಿ ನಮ್ಮ ದೇಶದಲ್ಲಿ ಇಂಥ ಒಂದು ಕೋಟಿಗೂ ಹೆಚ್ಚು ದುಡಿಯುವ ಮಕ್ಕಳನ್ನು ಎಣಿಸಿತು. ಎಣಿಸಿದ್ದಾಯಿತು, ಹುಡುಕಿದವರೆಷ್ಟು?

‘ಯೇಸುಸ್ವಾಮಿಯೂ ಬಡಗಿಯ ಕೆಲಸ ಮಾಡಲಿಲ್ಲವೇ?’ ಎಂದು ಕೇಳುವವರುಂಟು. ನಿಜ, ಮಾಡಿದರು. ತಂದೆಯ ಬಳಿ ಕಸುಬು ಕಲಿಯುವುದು ಬೇರೆ. ಸಾಲ ತೀರಿಸಲು ಪರರ ಹೊಲದಲ್ಲಿ ಹೊತ್ತು ಮುಳುಗುವವರೆಗೆ ನಿಲ್ಲುವುದು ಬೇರೆ. ದೇಹವೂ ಬುದ್ಧಿಯೂ ಬಲಿಯುವ ಮುನ್ನ ಮಕ್ಕಳನ್ನು ಕಾರ್ಖಾನೆಗೆ ಹಾಕಬಾರದೆಂದು 1891ರಲ್ಲೇ ಜಗದ್ಗುರು 13ನೇ ಲಿಯೋ ಎಚ್ಚರಿಸಿದ್ದರು. ನಮ್ಮ ಕಾನೂನೂ 2016ರ ತಿದ್ದುಪಡಿಯಿಂದ 14 ವರ್ಷದೊಳಗಿನವರನ್ನು ಯಾವುದೇ ಕೂಲಿಗೆ ಹಚ್ಚುವುದನ್ನು ನಿಷೇಧಿಸಿದೆ.

ಕಾನೂನು ಹೇಳಿ ಬಂದರೆ ಸಾಕೇ? ‘ಸಾಲಿಗೆ ಕಳಿಸಿದ್ರ ಸಂಜೀಕ ಒಲಿ ಮ್ಯಾಲೆ ಏನ್ ಇಡೂಣ್ರಿ?’ ಎಂದು ತಾಯಿ ಕೇಳಿದರೆ ನಿಮ್ಮ ಉತ್ತರವೇನು? ಆಕೆಯನ್ನು ಗದರಿಸಬೇಡಿ. ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಮಧ್ಯಾಹ್ನದ ಊಟ ಶಾಲೆಯಲ್ಲೇ ಸಿಗುತ್ತದೆ ಎನ್ನಿ. 2002ರಿಂದ ಅಕ್ಷರ ದಾಸೋಹ ನಡೆದಿದೆ. ಕೈಗೂಸನ್ನು ಅಂಗನವಾಡಿಗೆ ಬಿಟ್ಟರೆ ಅಕ್ಕನಿಗೆ ಶಾಲೆಯ ದಾರಿ ತೆರೆಯುತ್ತದೆ. ಗುಳೆ ಹೋಗುವುದಾದರೆ ಮಗುವನ್ನು ಅಜ್ಜಿಯ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಬಿಡುವ ಏರ್ಪಾಡಿಗೆ ನೆರವಾಗಿ.

ಮುಂಗಡದ ಕುಣಿಕೆಗೂ ಮದ್ದು ಈ ಮಣ್ಣಿನಲ್ಲೇ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ನಮ್ಮ ಧರ್ಮಕೇಂದ್ರದ ಮಹಿಳೆಯರ ಉಳಿತಾಯದ ಗುಂಪು ಹತ್ತಿಯ ಹಂಗಾಮಿಗೆ ಮುನ್ನ ಒಂದು ಮನೆಗೆ ಸಾಲ ಕೊಟ್ಟರೆ, ಒಬ್ಬ ಬಾಲಕಿಯ ಒತ್ತೆ ಬಿಡಿಸಿದಂತೆ.

ಜನನ ಪತ್ರವಿಲ್ಲ, ವರ್ಗಾವಣೆ ಪತ್ರ ಬಂದಿಲ್ಲ, ವರ್ಷ ಅರ್ಧ ಕಳೆದಿದೆ ಎಂದು ಯಾರೂ ಹಿಂಜರಿಯಬೇಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಕಾರಣಗಳಿಗಾಗಿ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು.

ಆದರೂ ಮರಳಿದ ಮಗುವಿಗೆ ಮೊದಲ ತಿಂಗಳು ಕಠಿಣ. ಅಕ್ಷರ ಮರೆತಿರುತ್ತದೆ, ಜೊತೆಯವರು ನಗುತ್ತಾರೆ, ಹೊಲದ ಯಜಮಾನ ಮತ್ತೆ ಕರೆಯುತ್ತಾನೆ. ಆಗ ಪ್ರತಿ ಸಂಜೆ ‘ಇವತ್ತೇನ್ ಕಲಿತಿ, ಯವ್ವಾ?’ ಎಂದು ಕೇಳುವ ಒಬ್ಬ ಹಿರಿಯರು ಬೇಕು. ಆ ಹಿರಿಯರು ನೀವೇ ಆಗಬಾರದೇಕೆ?

ಕೊನೆಗೊಂದು ಮಾತು. ಹೊಲಕ್ಕೆ ಹೋಗುವ ಮುನ್ನ ನಮ್ಮ ಅಡುಗೆಮನೆಯೊಳಗೆ ಇಣುಕಿ ನೋಡೋಣ. ನಮ್ಮ ಮಕ್ಕಳು ಶಾಲೆಗೆ ಹೊರಟ ಹೊತ್ತಿನಲ್ಲಿ, ಅವರದೇ ವಯಸ್ಸಿನ ಕೈಗಳು ನಮ್ಮ ಪಾತ್ರೆ ತಿಕ್ಕುತ್ತಿಲ್ಲವಷ್ಟೇ? ತಿಕ್ಕುತ್ತಿದ್ದರೆ, ನಾವು ಹುಡುಕಬೇಕಾದ ಮಗು ನಮ್ಮ ಮನೆಯಲ್ಲೇ ಇದೆ.

ಮಗನಿಗಾಗಿ ಬಂದ ದಾರಿಯನ್ನೇ ಮತ್ತೆ ನಡೆದ ಮರಿಯಮ್ಮನವರೇ, ಸಂತ ಜೋಸೆಫರೇ, ಕಾಣೆಯಾದ ಮಕ್ಕಳನ್ನು ಹುಡುಕುವ ಕಳವಳವನ್ನು ನಮಗೂ ಕೊಡಿ. ಅವರನ್ನು ಬೋಧಕರ ನಡುವೆ ಕೂರಿಸುವವರೆಗೆ ನಮಗೆ ನೆಮ್ಮದಿಯ ನಿದ್ದೆ ಬಾರದಿರಲಿ. ಆಮೆನ್.