ಬಟ್ಟೆಯ ಮೇಲಿನ ನೀಲಿ ಕಲೆ

ಮಳೆಗಾಲ ಕಳೆದ ಮೇಲೆ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಕಡೆ ಹೋದರೆ, ಯಾವುದಾದರೂ ಗ್ಯಾರೇಜಿನ ಮುಂದೆ ಹಳೆಯ ಬೈಕಿನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಬೋರಲು ಹಾಕಿರುವುದು ಕಾಣಸಿಗುತ್ತದೆ. ಮಲೆನಾಡಿನ ತೇವ ಅದರೊಳಗೆ ತನ್ನ ಕೆಲಸ ಮಾಡಿರುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನ ಒಳಮೈಗೆ ರಾತ್ರಿಯ ತಂಪಿನಲ್ಲಿ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಇಳಿದು ತಳ ಸೇರುತ್ತದೆ. ತಳದ ತಗಡನ್ನು ಒಳಗಿನಿಂದ ತುಕ್ಕು ತಿನ್ನುತ್ತಿದ್ದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಕೊನೆಗೊಂದು ದಿನ ವಾಸನೆ ಬರುತ್ತದೆ. ಆಗ ನಾವು ಗೃಹಸ್ಥರು ಸಾಮಾನ್ಯವಾಗಿ ಮಾಡುವುದೇನು? ಅಂಗಡಿಯಿಂದ ಎಂ-ಸೀಲ್ ತಂದು ಕಲಸಿ ಮೆತ್ತುತ್ತೇವೆ. ಒಳ್ಳೆಯ ಮೆಕ್ಯಾನಿಕ್ ಅದನ್ನು ನೋಡಿದರೆ ಮೊದಲು ಮೆತ್ತಿದ್ದನ್ನೇ ಕೆರೆದು ತೆಗೆಯುತ್ತಾನೆ. ಮುಚ್ಚಿದ ತೂತನ್ನು ರಿಪೇರಿ ಮಾಡಲು ಬರುವುದಿಲ್ಲವಲ್ಲ.

ನೆಲದ ಮೇಲಿನ ವಾಹನ ಸೋರಿದರೆ ರಸ್ತೆ ಬದಿಗೆ ನಿಲ್ಲಿಸಬಹುದು, ಆಕಾಶದಲ್ಲಿ ಅಂಥ ಬದಿ ಇಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬಂದಿಳಿಯತೊಡಗಿತು. ಅಂದಿನಿಂದ ಶಿವಮೊಗ್ಗ, ಭದ್ರಾವತಿಯ ಮಕ್ಕಳು ಮಹಡಿಯ ಮೇಲೆ ನಿಂತು ತಲೆಯೆತ್ತುವುದು ಹೆಚ್ಚಾಗಿದೆ. ಆ ಮಕ್ಕಳಿಗೆ ನಾನು ಹೇಳಬಯಸುವುದು ಇನ್ನೊಂದು ವಿಮಾನದ ವಿಷಯ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗಿ 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿದ ‘ಪುಷ್ಪಕ್’ ಅದು. ಇಬ್ಬರು ಅಕ್ಕಪಕ್ಕ ಕೂರುವಷ್ಟೇ ಜಾಗ, 90 ಅಶ್ವಶಕ್ತಿಯ ಎಂಜಿನ್, ಲೋಹದ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆಯೇ ಮೈ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು, ಎಷ್ಟೋ ಜನ ಅವುಗಳಲ್ಲೇ ಹಾರುವುದನ್ನು ಕಲಿತರು. ಭದ್ರಾವತಿಯವರು ಇದನ್ನು ತಮ್ಮ ದೂರದ ನೆಂಟ ಎಂದುಕೊಂಡರೆ ತಪ್ಪಿಲ್ಲ. ಭದ್ರೆಯ ದಡದಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ ಮೈಸೂರು ಸರ್ಕಾರವೇ 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಡನೆ ಕೈಜೋಡಿಸಿ ಬೆಂಗಳೂರಿನ ವಿಮಾನ ಕಾರ್ಖಾನೆಗೂ ನೆಲೆ ಕೊಟ್ಟಿತು.

ಇಂಥ ಬಟ್ಟೆಮೈಯ ಹಳೆಯ ವಿಮಾನದ ಟ್ಯಾಂಕು ಸೋರಿದರೆ ಅದನ್ನು ಸರಿಪಡಿಸುವ ರೀತಿ ನಿಧಾನವಾಗಿ ನೋಡತಕ್ಕದ್ದು. ಸೋರಿದ ಪೆಟ್ರೋಲು ಗಾಳಿಗೆ ಆರಿಹೋಗುತ್ತದೆ, ಹನಿ ಕಣ್ಣಿಗೆ ಬೀಳದೆಯೂ ಇರಬಹುದು. ಆದರೆ ಸಣ್ಣ ವಿಮಾನಗಳಿಗೆ ಈಗ ಹೆಚ್ಚಾಗಿ ಬಳಸುವ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ಬೇರೆ ಬೇರೆ ದರ್ಜೆಯ ಇಂಧನ ಅದಲುಬದಲಾಗದಿರಲಿ ಎಂದು ಹಾಕುವ ಬಣ್ಣ ಅದು. ಹನಿ ಆರಿದ ಮೇಲೂ ಅದು ಬಟ್ಟೆಯ ಮೇಲೆ ನೀಲಿ ಕಲೆಯಾಗಿ ಉಳಿಯುತ್ತದೆ. ಕಲೆ ಕಂಡ ದಿನ ವಿಮಾನ ಹಾರುವುದಿಲ್ಲ. ಇಂಧನವನ್ನು ಬಸಿದು, ಟ್ಯಾಂಕು ಬಟ್ಟೆಯ ಒಳಗಿದ್ದರೆ ಬಟ್ಟೆಯನ್ನು ಅಳತೆಯಿಟ್ಟು ಕತ್ತರಿಸಿ, ಬಿಗಿದ ಪಟ್ಟಿಗಳನ್ನು ಸಡಿಲಿಸಿ ಟ್ಯಾಂಕನ್ನು ಹೊರಗೆ ತೆಗೆಯುತ್ತಾರೆ. ಎಷ್ಟೋ ಸಲ ರೋಗ ಸಿಗುವುದು ಆ ಪಟ್ಟಿಗಳ ಅಡಿಯಲ್ಲೇ. ಟ್ಯಾಂಕು ಸವೆಯದಿರಲೆಂದು ಇಟ್ಟ ಮೆತ್ತೆ ನೀರು ಹೀರಿಕೊಂಡು ತಗಡನ್ನು ಕೊರೆದಿರುತ್ತದೆ. ರಕ್ಷಣೆಗೆಂದು ಇಟ್ಟದ್ದನ್ನೂ ಆಗಾಗ ಎತ್ತಿ ನೋಡಬೇಕು ಎಂಬುದನ್ನು ವಿಮಾನದವರು ಹೀಗೆ ಕಲಿತರು.

ಬಸಿದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಉರಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ, ಬರಿದಾದುದರ ತುಂಬ ಅದೇ. ಖಾಲಿ ಎಂದು ನಂಬಿ ಬೆಂಕಿ ಹಿಡಿದವರು ಎಲ್ಲ ಊರುಗಳಲ್ಲೂ ಇದ್ದಾರೆ. ಆದ್ದರಿಂದ ಹಬೆ ಹಾಯಿಸಿ, ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಆವಿ ಉಳಿದಿಲ್ಲವೆಂದು ಖಾತ್ರಿಯಾಗುವವರೆಗೆ ಬೆಸುಗೆಯ ಮಾತೇ ಇಲ್ಲ. ಆಮೇಲೆ ಎಲ್ಲ ಬಾಯಿಗಳನ್ನು ಮುಚ್ಚಿ, ಒಳಗೆ ತುಸುವೇ ಗಾಳಿ ತುಂಬಿ, ಮೇಲೆ ಸಾಬೂನಿನ ನೀರು ಬಳಿಯುತ್ತಾರೆ. ಗುಳ್ಳೆ ಎದ್ದ ಕಡೆ ತೂತು. ಗ್ಯಾಸ್ ಸಿಲಿಂಡರಿನ ಜೋಡಣೆಗೆ ನಮ್ಮ ಅಡುಗೆಮನೆಯಲ್ಲಿ ಮಾಡುವ ಪರೀಕ್ಷೆಯೂ ಇದೇ. ಟ್ಯಾಂಕಿನೊಳಗೆ ಅಂಟುದ್ರಾವಣ ಸುರಿದು ಅಲ್ಲಾಡಿಸಿ ತೂತು ಮುಚ್ಚುವ ಸುಲಭದ ದಾರಿಯೂ ಒಂದಿದೆ. ಆದರೆ ಹಳೆಯ ಕೈಗಳು ಅದನ್ನು ನಂಬುವುದಿಲ್ಲ. ವರ್ಷಗಳ ನಂತರ ಆ ಪದರ ಕಿತ್ತು ಬಂದರೆ ಎಂಜಿನ್ನಿಗೆ ಹೋಗುವ ಕೊಳವೆಗೇ ಅಡ್ಡ ಬೀಳಬಹುದು. ತಗಡನ್ನು ಕೆರೆದು ಬೆಳ್ಳಗೆ ಮಾಡಿ ಬೆಸೆಯುವುದು, ಬೆಸುಗೆಗೆ ಬಳಸಿದ ರಸಾಯನವನ್ನು ಪೂರ್ತಿ ತೊಳೆಯುವುದು, ಗಾಳಿ ತುಂಬಿ ಮತ್ತೊಮ್ಮೆ ಪರೀಕ್ಷಿಸುವುದು, ಇದೇ ಸರಿಯಾದ ದಾರಿ. ಕೊನೆಗೆ ಬಟ್ಟೆಯ ತೇಪೆ. ಅದನ್ನು ಬಿಗಿಗೊಳಿಸಲು ‘ಡೋಪ್’ ಎಂಬ ಅರಗಿನಂಥ ದ್ರಾವಣವನ್ನು ಪದರ ಪದರವಾಗಿ ಬಳಿಯಬೇಕು, ಒಂದು ಆರಿದ ಮೇಲೆ ಇನ್ನೊಂದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ಡೋಪ್ ಬಿಳಿಚಿಕೊಂಡು ಬಲ ಕಳೆದುಕೊಳ್ಳುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ತೆರೆದ ಶೆಡ್ಡಿನಡಿ ಮಾಡುವ ಕೆಲಸವಲ್ಲ ಇದು, ಬಿಸಿಲಿಗೆ ಕಾಯಲೇಬೇಕು.

ಕೆಲಸ ಮುಗಿದ ಮೇಲೆ ಟ್ಯಾಂಕು ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿಯುವುದು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದ ಕೆಲವು ಸಾಲು: ಏನು ಕೆಟ್ಟಿತ್ತು, ಏನು ಮಾಡಿದೆವು, ಅದರ ಕೆಳಗೆ ಪರವಾನಗಿ ಪಡೆದ ಎಂಜಿನಿಯರರ ಸಹಿ. ವಿಮಾನದವರ ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ್ದೆಂದರೆ, ದೋಷವನ್ನು ಬರೆದಿಟ್ಟವನ ಮೇಲೆ ಅಲ್ಲಿ ಯಾರೂ ಮುನಿಯಬಾರದು. ಹಾರಾಟ ಮುಗಿಸಿ ಇಳಿದ ಪೈಲಟ್ ‘ಪೆಟ್ರೋಲಿನ ವಾಸನೆ ಬಂತು’ ಎಂದು ಬರೆದರೆ ಅದು ಮೆಕ್ಯಾನಿಕನ ಮೇಲಿನ ದೂರಲ್ಲ, ನಾಳೆ ಹಾರಲಿರುವವನಿಗೆ ಮಾಡಿದ ಉಪಕಾರ. ನಮ್ಮ ಅಡುಗೆ ಅನಿಲದ್ದೂ ಇದೇ ವಿವೇಕ. ಆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮೂಗಿಗೆ ಬಡಿಯುವ ದುರ್ವಾಸನೆ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಬೇಕೆಂದೇ ಬೆರೆಸಿದ್ದು. ಸೋರಿಕೆ ತಾನಾಗಿ ತನ್ನನ್ನು ಹೇಳಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿ ಮಾಡಿದ ಏರ್ಪಾಡು.

ಮನೆಯೊಳಗೆ ಅಂಥ ಏರ್ಪಾಡನ್ನು ನಾವೇ ಎಷ್ಟು ಸಲ ಕೆಡಿಸುತ್ತೇವೆ! ಸಾಲ ಕೈಮೀರುತ್ತಿದೆ ಎಂದು ಮೊದಲು ಗುರುತಿಸುವವಳು ಹೆಂಡತಿ, ಮೊದಲ ಜಗಳವೂ ಅವಳೊಡನೆಯೇ. ಅಜ್ಜನ ಮರೆವು ಹೆಚ್ಚುತ್ತಿದೆ ಎಂದು ಸೊಸೆ ಹೇಳಿದರೆ ‘ಕೆಟ್ಟದ್ದನ್ನು ಯಾಕೆ ಬಾಯಲ್ಲಿ ಆಡ್ತೀಯಮ್ಮಾ’ ಎನ್ನುತ್ತೇವೆ. ‘ಏನೋ ವಾಸನೆ ಬರ್ತಿದೆ ಕಣಪ್ಪಾ’ ಎನ್ನುವ ಮಗುವಿಗೆ ‘ಸುಮ್ನೆ ಕೂತು ಓದು’ ಎಂಬ ಉತ್ತರ. ಹೀಗೆ ಕೆಲವು ಸಲ ಗದರಿಸಿಕೊಂಡವರು ಮತ್ತೆ ಹೇಳುವುದಿಲ್ಲ. ಅವರು ಹೇಳುವುದನ್ನು ನಿಲ್ಲಿಸಿದ್ದನ್ನೇ ನಾವು ನೆಮ್ಮದಿ ಎಂದು ತಿಳಿಯುತ್ತೇವೆ. ಇದರಲ್ಲಿ ತಿದ್ದಿಕೊಳ್ಳಬೇಕಾದದ್ದು ದೊಡ್ಡದೇನಲ್ಲ. ಕೆಟ್ಟ ಸುದ್ದಿ ತಂದವರನ್ನು ಕೂರಿಸಿಕೊಂಡು ‘ಎಲ್ಲಿ, ಎಂದಿನಿಂದ?’ ಎಂದು ಎರಡು ಮಾತು ಕೇಳಿದರೆ ಸಾಕು. ರಿಪೇರಿ ಅಲ್ಲಿಂದಲೇ ಶುರುವಾಗುತ್ತದೆ.

ಇವತ್ತು ಸಂಜೆ ಅಡುಗೆಮನೆಯಿಂದಲೇ ಆರಂಭಿಸೋಣ. ಗ್ಯಾಸ್ ಒಲೆಯ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ, ಅದರ ಮೇಲೆ ಅಚ್ಚಾದ ವರ್ಷ ದಾಟಿದೆಯೇ ನೋಡಿ, ಜೋಡಣೆಗೆ ಸಾಬೂನಿನ ನೀರು ಬಳಿಯಿರಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಮುಚ್ಚಿ, ಲೈಟಿನ ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆರೆದು, ಮನೆಯವರನ್ನು ಕರೆದುಕೊಂಡು ಹೊರಗೆ ಬನ್ನಿ. ಅನಿಲ ಸೋರಿಕೆ ತಿಳಿಸಲು ದೇಶಕ್ಕೆಲ್ಲ ಒಂದೇ ದೂರವಾಣಿ ಸಂಖ್ಯೆ ಇದೆ, ಹಗಲು ರಾತ್ರಿ ಸಿಗುತ್ತದೆ: 1906. ಮಕ್ಕಳಿಗೂ ಕಾಣುವಷ್ಟು ದೊಡ್ಡದಾಗಿ ಅದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ.